ಹೊಟ್ಟೆ ಕಿವುಚುವ ಎರಡು ದಿನ ಮೊದಲು

ನಾನು ಪಿಯುಸಿ ಓದುವಾಗ ಇದ್ದ ಹಾಸ್ಟೆಲಿನಲ್ಲಿ ಹದಿನಾಲ್ಕು ಹುಡುಗಿಯರಿಗೆ ಒಂದೇ ಒಂದು ಬಿಸಿನೀರಿನ ಬ್ಯಾಗ್ ಇತ್ತು. ಕೆಂಪು ರಬ್ಬರಿನದು, ಒಂದು ಮೂಲೆಗೆ ಪಂಚರ್ ಹಾಕಿಸಿದ್ದು. ಹಿಂದಿನ ಬ್ಯಾಚಿನ ಯಾರೋ ಅಕ್ಕ ಬಿಟ್ಟುಹೋಗಿದ್ದು. ಬಿಸಿನೀರು ಬರುತ್ತಿದ್ದುದು ಬೆಳಗ್ಗೆ ಐದರಿಂದ ಏಳರವರೆಗೆ ಮಾತ್ರ. ಮಧ್ಯಾಹ್ನ ಮುಟ್ಟಾದವಳಿಗೆ ಆ ಬ್ಯಾಗ್ ಇದ್ದೂ ಇಲ್ಲದ ಹಾಗೆ. ಮಂಡಿಯನ್ನು ಹೊಟ್ಟೆಗೆ ಒತ್ತಿಕೊಂಡು ಮಂಚದ ಮೂಲೆಯಲ್ಲಿ ಮುದುಡಿ ಮಲಗುವುದೊಂದೇ ದಾರಿ. ರಜೆ ಚೀಟಿ ಬರೆಸಲು ಹೋದರೆ ವಾರ್ಡನ್ ಕೇಳುತ್ತಿದ್ದುದು ಒಂದೇ ಮಾತು: "ಎಲ್ಲರಿಗೂ ಬರೋದೇ ಅಲ್ವಾ?"

ಹೌದು, ಎಲ್ಲರಿಗೂ ಬರುತ್ತದೆ. ಆದರೆ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುವುದಿಲ್ಲ. ಜಾಸ್ತಿ ನೋವು ಪಡುವವಳು ನಾಜೂಕಿನವಳು ಅಂತಲ್ಲ. ಅವಳ ಗರ್ಭಕೋಶದಲ್ಲಿ ಒಂದು ರಾಸಾಯನಿಕ ಜಾಸ್ತಿ ತಯಾರಾಗುತ್ತದೆ. ಅದನ್ನು ಅಳೆಯಬಹುದು, ಅಳೆದಿದ್ದಾರೆ ಕೂಡ.

1957ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ವಿ. ಆರ್. ಪಿಕಲ್ಸ್ ಎಂಬ ವಿಜ್ಞಾನಿ ಮುಟ್ಟಿನ ಸ್ರಾವವನ್ನು ಪರೀಕ್ಷೆ ಮಾಡಿದರು. ಅದರಲ್ಲಿ ಸ್ನಾಯುವನ್ನು ಬಿಗಿಯಾಗಿ ಹಿಂಡಿಸುವ ಯಾವುದೋ ವಸ್ತು ಇದೆ ಎಂದು ಅವರಿಗೆ ಗೊತ್ತಾಯಿತು. ಮುಂದಿನ ವರ್ಷಗಳಲ್ಲಿ ಅದು ಪ್ರೊಸ್ಟಾಗ್ಲಾಂಡಿನ್ ಎಂಬ ಗುಂಪಿಗೆ ಸೇರಿದ್ದು ಎಂದು ತಿಳಿಯಿತು. ಮುಟ್ಟಿನ ಸ್ರಾವ ಅಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದ ಕಾಲದಲ್ಲಿ ಒಬ್ಬರು ಅದನ್ನು ಪ್ರಯೋಗಾಲಯಕ್ಕೆ ತಂದರು. ಅವರು ತರದೇ ಇದ್ದಿದ್ದರೆ ಈ ನೋವು ಇನ್ನೂ ಎಷ್ಟು ವರ್ಷ "ಮನಸ್ಸಿನದು" ಆಗಿಯೇ ಉಳಿಯುತ್ತಿತ್ತೋ!

ಒಳಗೆ ಆಗುವುದು ಇಷ್ಟು. ಗರ್ಭಕೋಶ ಒಂದು ಮುಷ್ಟಿ ಗಾತ್ರದ ಸ್ನಾಯು. ಪ್ರತಿ ತಿಂಗಳು ಅಂಡಾಣು ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಏರುತ್ತದೆ, ಗರ್ಭಕೋಶದ ಒಳಪದರವನ್ನು ಕಾಪಾಡುತ್ತದೆ. ಗರ್ಭ ನಿಲ್ಲದಿದ್ದರೆ ಆ ಹಾರ್ಮೋನು ಇಳಿಯುತ್ತದೆ. ಅದು ಇಳಿದಾಗ ಒಳಪದರದ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಸಲು ಶುರುಮಾಡುತ್ತವೆ. ಕಳಚಿದ ಪದರವನ್ನು ಹೊರಗೆ ತಳ್ಳಬೇಕಲ್ಲ, ಅದಕ್ಕೆ ಸ್ನಾಯು ಹಿಂಡಬೇಕು. ಪ್ರೊಸ್ಟಾಗ್ಲಾಂಡಿನ್ ಜಾಸ್ತಿಯಾದರೆ ಹಿಂಡುವುದೂ ಜಾಸ್ತಿ. ಜೋರು ನೋವಿರುವವರ ಗರ್ಭಕೋಶದ ಒಳಗಿನ ಒತ್ತಡ 120 ಮಿಲಿಮೀಟರ್ ಪಾದರಸವನ್ನೂ ದಾಟುತ್ತದೆ. ಬಿಪಿ ನೋಡಿದಾಗ ಮೇಲಿನ ಸಂಖ್ಯೆ ಎಷ್ಟು ಬರುತ್ತದೆ, ನೆನಪಿಸಿಕೊಳ್ಳಿ. ರಕ್ತನಾಳದ ಒತ್ತಡಕ್ಕಿಂತ ಹೊರಗಿನ ಹಿಂಡುವಿಕೆಯೇ ಜೋರಾದರೆ ಆ ಕ್ಷಣಕ್ಕೆ ಸ್ನಾಯುವಿಗೆ ರಕ್ತ ಹೋಗುವುದಿಲ್ಲ. ಆಮ್ಲಜನಕ ಸಿಗದೆ ಸ್ನಾಯು ಕೂಗಿಕೊಳ್ಳುತ್ತದೆ. ಹೃದಯಕ್ಕೆ ರಕ್ತ ಸಾಲದೆ ಎದೆನೋವು ಬರುವುದೂ ಹೀಗೆಯೇ.

ಹೆರಿಗೆ ಆಸ್ಪತ್ರೆಯಲ್ಲಿ "ನೋವು ಬರಲಿ ಅಂತ ಜೆಲ್ ಇಟ್ಟಿದ್ದಾರೆ" ಅನ್ನುವುದನ್ನು ಕೇಳಿರುತ್ತೀರಿ. ಆ ಜೆಲ್ಲಿನಲ್ಲಿ ಇರುವುದೂ ಪ್ರೊಸ್ಟಾಗ್ಲಾಂಡಿನ್ನೇ. ಹೆರಿಗೆ ನೋವು ಬರಿಸಲು ಡಾಕ್ಟರು ಬಳಸುವ ವಸ್ತುವನ್ನು ಹದಿನಾರು ವರ್ಷದ ಹುಡುಗಿಯ ಮೈ ತಿಂಗಳು ತಿಂಗಳು ತಾನೇ ತಯಾರಿಸಿಕೊಳ್ಳುತ್ತದೆ. ಅದರಲ್ಲಿ ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಆಗಲೇ ವಾಂತಿ, ಭೇದಿ, ತಲೆನೋವು. ಮುಟ್ಟಿನ ಮೊದಲ ದಿನ ಹೊಟ್ಟೆ ಕೆಡುವುದಕ್ಕೆ ಹಿಂದಿನ ದಿನ ತಿಂದ ಪಾನಿಪುರಿಯನ್ನು ಬೈಯಬೇಕಾಗಿಲ್ಲ.

ಈ ಕಥೆ ಗೊತ್ತಾದರೆ ಎಷ್ಟೋ ಹಳೆಯ ಮಾತುಗಳು ಅರ್ಥವಾಗುತ್ತವೆ. ಮೈನೆರೆದ ಮೊದಲ ಕೆಲವು ತಿಂಗಳು ನೋವೇ ಇಲ್ಲದ ಹುಡುಗಿಗೆ ವರ್ಷ ಕಳೆದ ಮೇಲೆ ನೋವು ಶುರುವಾಗುತ್ತದೆ. ಯಾಕೆಂದರೆ ಮೊದಮೊದಲು ಅಂಡಾಣು ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಅಂಡಾಣು ಇಲ್ಲದಿದ್ದರೆ ಪ್ರೊಜೆಸ್ಟರಾನ್ ಏರುವುದಿಲ್ಲ, ಏರದಿದ್ದ ಮೇಲೆ ಇಳಿಯುವುದೆಲ್ಲಿಂದ? "ಮದುವೆಯಾದರೆ ಸರಿಹೋಗುತ್ತೆ" ಅನ್ನುವ ಮಾತನ್ನೂ ಕೇಳಿದ್ದೇವೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಗರ್ಭಕೋಶದ ನರದ ಎಳೆಗಳು ಕಡಿಮೆಯಾಗುತ್ತವೆ, ಹಾಗಾಗಿ ಹೆರಿಗೆಯಾದ ಮೇಲೆ ಹಲವರಿಗೆ ನೋವು ತಗ್ಗುತ್ತದೆ. ಆ ಮಾತಿನಲ್ಲಿರುವ ನಿಜ ಅಷ್ಟೇ. ಹೊಟ್ಟೆನೋವು ಅಂತ ಅಳುತ್ತಿರುವ ಹುಡುಗಿಗೆ ಮದುವೆಯನ್ನು ಔಷಧಿ ಎಂದು ಹೇಳುವುದು ಸರಿಯಲ್ಲ.

ಈಗ ಮನೆಮದ್ದಿಗೆ ಬರೋಣ. ಬಿಸಿಯಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ನನಗೆ ಅತಿ ಹೆಚ್ಚು ನಂಬಿಕೆ ಇರುವುದು ಅದರ ಮೇಲೆ.

2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಮಾರು 80 ಹೆಂಗಸರನ್ನು ನಾಲ್ಕು ಗುಂಪು ಮಾಡಿದರು. ಕೆಲವರ ಕಿಬ್ಬೊಟ್ಟೆಯ ಮೇಲೆ ದಿನಕ್ಕೆ ಸುಮಾರು 12 ಗಂಟೆ, ಎರಡು ದಿನ, 38.9 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿ. ಕೆಲವರಿಗೆ ಬಿಸಿಯಿಲ್ಲದ ಪಟ್ಟಿ ಮತ್ತು ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ. ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಬರೀ ಬಿಸಿ ಕೊಟ್ಟವರಿಗೆ ಮಾತ್ರೆ ತೆಗೆದುಕೊಂಡವರಷ್ಟೇ ಆರಾಮ ಸಿಕ್ಕಿತು. ಎರಡನ್ನೂ ಕೊಟ್ಟವರಿಗೆ ಸುಮಾರು ಒಂದೂವರೆ ಗಂಟೆಯಲ್ಲೇ ಗಮನಕ್ಕೆ ಬರುವಷ್ಟು ನೋವು ಇಳಿಯಿತು. ಬರೀ ಮಾತ್ರೆಯವರಿಗೆ ಹತ್ತಿರ ಹತ್ತಿರ ಮೂರು ಗಂಟೆ ಬೇಕಾಯಿತು. ಅಧ್ಯಯನ ಚಿಕ್ಕದು ನಿಜ. ಪಟ್ಟಿ ಬಿಸಿಯಾಗಿದೆಯೋ ಇಲ್ಲವೋ ಎನ್ನುವುದು ಹಾಕಿಕೊಂಡವರಿಗೆ ಗೊತ್ತಾಗಿಬಿಡುತ್ತದೆ, ಅದನ್ನು ಮುಚ್ಚಿಡಲು ಆಗುವುದಿಲ್ಲ. ಆದರೂ ಅಜ್ಜಿಯರ ಅನುಭವ, ನಮ್ಮ ಅನುಭವ, ವಿಜ್ಞಾನ ಮೂರೂ ಇಲ್ಲಿ ಒಂದೇ ದಿಕ್ಕಿಗೆ ಕೈ ತೋರಿಸುತ್ತವೆ.

38.9 ಡಿಗ್ರಿ ಅಂದರೆ ಜ್ವರ ಬಂದ ಮೈಯಷ್ಟು ಬಿಸಿ. ಚರ್ಮ ಸುಡುವಷ್ಟು ಬೇಕಾಗಿಯೇ ಇಲ್ಲ! ನಾವು ಕುದಿಯುವ ನೀರು ತುಂಬಿ, ಹತ್ತು ನಿಮಿಷ ಸಹಿಸಿ, ಆಮೇಲೆ ಬಿಟ್ಟುಬಿಡುತ್ತೇವೆ. ಹದವಾದ ಬಿಸಿ, ತುಂಬಾ ಹೊತ್ತು ಇರುವುದು ಮುಖ್ಯ. ಬಿಸಿಗೆ ಸ್ನಾಯು ಸಡಿಲವಾಗುತ್ತದೆ, ರಕ್ತದ ಓಡಾಟ ಸುಧಾರಿಸುತ್ತದೆ, ಚರ್ಮದಿಂದ ಹೋಗುವ ಬಿಸಿಯ ಸಂದೇಶ ಬೆನ್ನುಹುರಿಯಲ್ಲಿ ನೋವಿನ ಸಂದೇಶಕ್ಕೆ ಅಡ್ಡ ನಿಲ್ಲುತ್ತದೆ. ಬ್ಯಾಗ್ ಇಲ್ಲದಿದ್ದರೆ ಸ್ಟೀಲ್ ಬಾಟಲಿಗೆ ಬಿಸಿನೀರು ಹಾಕಿ ಟವೆಲ್ ಸುತ್ತಿಕೊಳ್ಳಿ. ಹಾಸ್ಟೆಲಿನಲ್ಲಿ ನಾವು ಕೊನೆಗೆ ಕಂಡುಕೊಂಡ ಉಪಾಯ ಅದೇ. ಬೆಳಗ್ಗೆಯೇ ಫ್ಲಾಸ್ಕಿಗೆ ನೀರು ತುಂಬಿಟ್ಟುಕೊಳ್ಳುತ್ತಿದ್ದೆವು. ಸೊಂಟಕ್ಕೆ ಕೊಟ್ಟರೂ ನಡೆಯುತ್ತದೆ. ಗರ್ಭಕೋಶದ ನರಗಳು ಮತ್ತು ಸೊಂಟದ ನರಗಳು ಬೆನ್ನುಹುರಿಯಲ್ಲಿ ಒಂದೇ ಜಾಗಕ್ಕೆ ಬಂದು ಸೇರುತ್ತವೆ. ಹೊಟ್ಟೆಯ ನೋವು ಸೊಂಟಕ್ಕೆ, ತೊಡೆಗೆ ಇಳಿದ ಹಾಗೆ ಅನಿಸುವುದೂ ಅದಕ್ಕೇ. ಬ್ಯಾಗನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ನಿದ್ದೆ ಮಾತ್ರ ಮಾಡಬೇಡಿ. ಚರ್ಮ ಸುಟ್ಟಿದ್ದು ಬೆಳಗ್ಗೆಯೇ ಗೊತ್ತಾಗುವುದು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಮುಟ್ಟಾದವಳನ್ನು ಮೂರು ದಿನ ಹೊರಗೆ ಕೂರಿಸುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ತಣ್ಣನೆ ನೆಲ, ಒಂದು ಚಾಪೆ, ತಣ್ಣೀರು ಸ್ನಾನ. ಬಿಸಿ ಬೇಕಾದ ದಿನವೇ ಅವಳಿಂದ ಬಿಸಿಯನ್ನು ಕಿತ್ತುಕೊಂಡ ಹಾಗೆ. ಮಡಿ ಮೈಲಿಗೆಯ ಮಾತು ಹಾಗಿರಲಿ, ಒಂದು ದಪ್ಪ ಹಾಸಿಗೆ ಮತ್ತು ಒಂದು ಚೆಂಬು ಬಿಸಿನೀರು ಕೊಡಲು ಯಾವ ಶಾಸ್ತ್ರ ಅಡ್ಡ ಬರುತ್ತದೆ?

ಇನ್ನು ಶುಂಠಿ. ಇದರ ಮೇಲೆ ಇರಾನಿನಲ್ಲಿ ಸಾಕಷ್ಟು ಕೆಲಸ ಆಗಿದೆ. 2009ರಲ್ಲಿ 150 ವಿದ್ಯಾರ್ಥಿನಿಯರ ಮೇಲೆ ನಡೆದ ಅಧ್ಯಯನದಲ್ಲಿ 250 ಮಿಲಿಗ್ರಾಂ ಶುಂಠಿ ಪುಡಿಯನ್ನು ದಿನಕ್ಕೆ ನಾಲ್ಕು ಸಲ ಕೊಟ್ಟರು. ಪರಿಣಾಮ ಮೆಫೆನಾಮಿಕ್ ಆ್ಯಸಿಡ್ ಎಂಬ ಇನ್ನೊಂದು ನೋವಿನ ಮಾತ್ರೆ ಮತ್ತು ಐಬುಪ್ರೊಫೆನ್‌ಗೆ ಸಮನಾಗಿ ಬಂತು. ನನಗೆ ಇನ್ನೂ ಇಷ್ಟವಾದದ್ದು 2012ರ ಅಧ್ಯಯನ. ಅದರಲ್ಲಿ 500 ಮಿಲಿಗ್ರಾಂ ಪುಡಿಯನ್ನು ದಿನಕ್ಕೆ ಮೂರು ಸಲ ಕೊಟ್ಟರು. ಒಂದು ತಂಡಕ್ಕೆ ಮುಟ್ಟಾಗುವ ಎರಡು ದಿನ ಮೊದಲೇ ಶುರುಮಾಡಿದರು, ಇನ್ನೊಂದಕ್ಕೆ ಮುಟ್ಟಾದ ದಿನದಿಂದ. ಮೊದಲೇ ಶುರುಮಾಡಿದವರಿಗೆ ಹೆಚ್ಚು ಅನುಕೂಲವಾಯಿತು.

ಯಾಕೆ ಅಂತ ಯೋಚಿಸಿ. ಶುಂಠಿಯ ಖಾರದ ಅಂಶಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಸುವ ಕಿಣ್ವವನ್ನು ತಡೆಯುತ್ತವೆ. ತಯಾರಾಗಿ ಸ್ನಾಯುವಿಗೆ ಅಂಟಿಕೊಂಡದ್ದನ್ನು ಅವು ಅಳಿಸಲಾರವು. ಕಾರ್ಖಾನೆಗೆ ಬೀಗ ಹಾಕಬೇಕಾದದ್ದು ಸರಕು ಹೊರಗೆ ಹೋಗುವ ಮೊದಲು, ಅಲ್ವಾ? ನಾವು ಮಾಡುವ ತಪ್ಪು ಇದೇ. ನೋವು ತಡೆಯಲಾರದೆ ಅಳು ಬಂದ ಮೇಲೆ ಕಷಾಯಕ್ಕೆ ಒಲೆ ಹಚ್ಚುತ್ತೇವೆ. ಆಮೇಲೆ "ಏನೂ ಪ್ರಯೋಜನ ಆಗಲಿಲ್ಲ" ಅನ್ನುತ್ತೇವೆ.

ಅಳತೆಯೂ ಮುಖ್ಯ. ಆ ಅಧ್ಯಯನಗಳಲ್ಲಿ ಕೊಟ್ಟದ್ದು ದಿನಕ್ಕೆ ಒಂದರಿಂದ ಒಂದೂವರೆ ಗ್ರಾಂ ಒಣಶುಂಠಿ ಪುಡಿ. ಸುಮಾರು ಅರ್ಧ, ಮುಕ್ಕಾಲು ಟೀ ಚಮಚ. ಟೀಗೆ ಸುಮ್ನೆ ಒಂದು ಚೂರು ಶುಂಠಿ ಜಜ್ಜಿ ಹಾಕಿದರೆ ಅಷ್ಟಾಗುವುದಿಲ್ಲ. ಬೆಲ್ಲ ಹಾಕಿದ ಕಷಾಯವನ್ನು ಊಟದ ನಂತರ, ದಿನಕ್ಕೆ ಎರಡು ಮೂರು ಸಲ ಹಂಚಿಕೊಂಡು ಕುಡಿಯಬಹುದು. ಎದೆಯುರಿ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಬೇಕು. ಇನ್ನೊಂದು ಮಾತು. 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚಿ ನೋಡುವ ಕಾಕ್ರೇನ್ ಸಂಸ್ಥೆಯವರು ಶುಂಠಿ, ಮೆಂತ್ಯ ಮುಂತಾದವುಗಳ ಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರು. ಯಾವುದಕ್ಕೂ ಗಟ್ಟಿಯಾದ ಪುರಾವೆ ಇಲ್ಲ, ಅಧ್ಯಯನಗಳು ಚಿಕ್ಕವು ಎಂದರು. ಹಾಗಾಗಿ ಇದನ್ನು ನಾನು ಖಾತ್ರಿ ಔಷಧಿ ಎಂದು ಹೇಳುತ್ತಿಲ್ಲ. ಎರಡು ಮೂರು ತಿಂಗಳು ಪ್ರಯತ್ನ ಮಾಡಿ ನೋಡಲು ಯೋಗ್ಯ ಎನ್ನುತ್ತೇನೆ. ಓಮ, ಜೀರಿಗೆ, ಸೋಂಪು ಕುದಿಸಿ ಕುಡಿಯುವವರು ಕುಡಿಯಿರಿ. ಹೊಟ್ಟೆಗೆ ಬಿಸಿಬಿಸಿ ಏನಾದರೂ ಬಿದ್ದರೆ ಹಿತವೇ.

ಹರಳೆಣ್ಣೆ ವಿಷಯದಲ್ಲಿ ಮಾತ್ರ ಎಚ್ಚರ. ಹೊಟ್ಟೆಗೆ ಹಚ್ಚಿ ಮೆಲ್ಲಗೆ ತಿಕ್ಕಿದರೆ ತೊಂದರೆಯಿಲ್ಲ, ತಿಕ್ಕುವುದರಿಂದಲೇ ಸ್ವಲ್ಪ ಆರಾಮ ಸಿಗುತ್ತದೆ. ಆದರೆ "ಹೊಟ್ಟೆ ಶುದ್ಧವಾಗಲಿ" ಅಂತ ಮುಟ್ಟಿನ ದಿನ ಕುಡಿಸಬೇಡಿ. ಹರಳೆಣ್ಣೆ ಹೇಗೆ ಕೆಲಸ ಮಾಡುತ್ತದೆ ಎಂದು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ಇಲಿಗಳಲ್ಲಿ ಪತ್ತೆ ಮಾಡಿದರು. ಅದರಲ್ಲಿರುವ ರಿಸಿನೋಲಿಕ್ ಆಮ್ಲ ಕರುಳು ಮತ್ತು ಗರ್ಭಕೋಶದಲ್ಲಿ ಪ್ರೊಸ್ಟಾಗ್ಲಾಂಡಿನ್ ಕೂರುವ ಜಾಗದಲ್ಲೇ ಹೋಗಿ ಕೂರುತ್ತದೆ. ಅಂದರೆ ಮೊದಲೇ ಹಿಂಡುತ್ತಿರುವ ಹೊಟ್ಟೆಯನ್ನು ಇನ್ನಷ್ಟು ಹಿಂಡು ಎಂದ ಹಾಗೆ.

ವ್ಯಾಯಾಮದ ಮಾತು ಬಂದರೆ ಹುಡುಗಿಯರು ಮುಖ ಸಿಂಡರಿಸುತ್ತಾರೆ. ಎದ್ದು ನಿಲ್ಲಲೂ ಆಗದ ದಿನ ಓಡು ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆದರೆ ಆ ದಿನವೇ ಮಾಡಬೇಕಾಗಿಲ್ಲ. ಕಾಕ್ರೇನ್‌ನ 2019ರ ಪರಿಶೀಲನೆ ಹೇಳುವುದು ಇಡೀ ತಿಂಗಳ ಅಭ್ಯಾಸದ ಬಗ್ಗೆ. ವಾರಕ್ಕೆ ಮೂರು ಸಲ, ಸುಮಾರು 45ರಿಂದ 60 ನಿಮಿಷ. ಜೋರು ನಡಿಗೆ, ಯೋಗ, ಏನಾದರೂ ಸರಿ. ಹೀಗೆ ಮಾಡುವವರಿಗೆ 100ರ ಅಳತೆಯಲ್ಲಿ ನೋವು ಸುಮಾರು 25 ಅಂಕ ಇಳಿಯುತ್ತದೆ ಎಂದು ಲೆಕ್ಕ ಸಿಕ್ಕಿತು. ಇಲ್ಲೂ ಪುರಾವೆಯ ಗುಣಮಟ್ಟ ಕಡಿಮೆಯೇ, ಆದರೆ ಇಳಿಕೆ ಸಣ್ಣದಲ್ಲ. 2011ರ ಇನ್ನೊಂದು ಅಧ್ಯಯನದಲ್ಲಿ ಭುಜಂಗಾಸನ, ಮಾರ್ಜಾಲಾಸನ, ಮತ್ಸ್ಯಾಸನ ಈ ಮೂರನ್ನು ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮಾಡಿದ ಹುಡುಗಿಯರಿಗೆ ನೋವು ಕಡಿಮೆಯಾಯಿತು. ಇಲ್ಲೂ ನೋಡಿ, ಮುಂಚೆ.

ಮಾತ್ರೆ ತೆಗೆದುಕೊಳ್ಳುವುದು ಸೋಲಲ್ಲ. ಮೆಫೆನಾಮಿಕ್ ಆ್ಯಸಿಡ್, ಐಬುಪ್ರೊಫೆನ್ ಮಾಡುವುದೂ ಆ ಕಾರ್ಖಾನೆಗೆ ಬೀಗ ಹಾಕುವ ಕೆಲಸವನ್ನೇ, ಶುಂಠಿಗಿಂತ ಗಟ್ಟಿಯಾಗಿ. "ಮಾತ್ರೆ ತಗೊಂಡರೆ ಮುಂದೆ ಮಕ್ಕಳಾಗಲ್ಲ" ಎಂಬ ಹೆದರಿಕೆಗೆ ಆಧಾರವಿಲ್ಲ. ಮುಟ್ಟಿನ ಒಂದೆರಡು ದಿನ ತೆಗೆದುಕೊಳ್ಳುವ ಮಾತ್ರೆ ಗರ್ಭಕೋಶವನ್ನು ಹಾಳುಮಾಡುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬೇಡ. ಹೊಟ್ಟೆ ಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇರುವವರು ಕೇಳದೆ ತೆಗೆದುಕೊಳ್ಳಬೇಡಿ. 2023ರ ಕೊನೆಯಲ್ಲಿ ಭಾರತೀಯ ಔಷಧಕೋಶ ಆಯೋಗ ಮೆಫೆನಾಮಿಕ್ ಆ್ಯಸಿಡ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ತೆಗೆದುಕೊಂಡ ಮೇಲೆ ಜ್ವರ, ಮೈಮೇಲೆ ದದ್ದು ಬಂದರೆ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ.

ಬಿಸಿ, ಶುಂಠಿ, ಮಾತ್ರೆ ಯಾವುದಕ್ಕೂ ಬಗ್ಗದ ನೋವೂ ಇದೆ. ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ವರ್ಷದಿಂದ ವರ್ಷಕ್ಕೆ ಏರುವ ನೋವು, ಮುಟ್ಟು ಮುಗಿದ ಮೇಲೂ ಉಳಿಯುವ ನೋವು, ಮಲವಿಸರ್ಜನೆಯಲ್ಲಿ ಅಥವಾ ಗಂಡ ಹೆಂಡತಿ ಸೇರುವಾಗ ಬರುವ ನೋವು, ಗಂಟೆಗೊಂದು ಪ್ಯಾಡ್ ಬದಲಿಸುವಷ್ಟು ರಕ್ತ, ವರ್ಷಗಟ್ಟಲೆ ಆರಾಮಾಗಿದ್ದು ಮೂವತ್ತರ ಹೊತ್ತಿಗೆ ಹೊಸದಾಗಿ ಶುರುವಾದ ನೋವು. ಇವುಗಳ ಹಿಂದೆ ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದೇ ಪದರ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಅಥವಾ ಗರ್ಭಕೋಶದ ಗೆಡ್ಡೆ ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಹೆರುವ ವಯಸ್ಸಿನ ಹತ್ತರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಇದೆ. ಗೊತ್ತಾಗುವುದಕ್ಕೆ ವರ್ಷಗಳೇ ಹಿಡಿಯುತ್ತವೆ. ಸ್ಕ್ಯಾನ್ ನಾರ್ಮಲ್ ಬಂತು ಅಂದಮಾತ್ರಕ್ಕೆ ಅದು ಇಲ್ಲ ಎಂದಾಗುವುದಿಲ್ಲ. ಒಬ್ಬ ಡಾಕ್ಟರು ಕಿವಿಗೊಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ.

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿ ಓದಿದಾಗ ನನಗೆ ನಮ್ಮ ಹಾಸ್ಟೆಲಿನ ರಜೆ ಚೀಟಿ ನೆನಪಾಯಿತು. ಪ್ರೊಸ್ಟಾಗ್ಲಾಂಡಿನ್ ಹೆಚ್ಚಿರುವುದು ಮೊದಲ 48 ಗಂಟೆಗಳಲ್ಲಿ. ಒಂದೇ ದಿನ ಸಿಗುವುದಾದರೆ ಆ ಮೊದಲ ದಿನವನ್ನು ಕೇಳಿ ತೆಗೆದುಕೊಳ್ಳಿ.

ನಮ್ಮ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ತಿಂಗಳಿಗೊಂದು ಹಸಿರು ಚುಕ್ಕಿ ಇರುತ್ತದೆ. ಮಗಳು ಇಡುವುದು. ಅವಳ ಡೇಟಿಗೆ ಎರಡು ದಿನ ಮುಂಚಿನ ಗುರುತು ಅದು. ಆ ದಿನ ಬೆಳಗ್ಗೆ ಒಣಶುಂಠಿ ಡಬ್ಬಿ ಕೆಳಗಿಳಿಯುತ್ತದೆ, ಬ್ಯಾಗ್ ಅವಳ ಮಂಚದ ಪಕ್ಕಕ್ಕೆ ಹೋಗುತ್ತದೆ. ಈ ತಿಂಗಳ ಚುಕ್ಕಿ 14ಕ್ಕೆ ಇದೆ. ಡಬ್ಬಿ ತಳ ಕಾಣುತ್ತಿದೆ, ನಾಳೆ ಅಂಗಡಿಗೆ ಹೋದಾಗ ತರಬೇಕು.