ಮುದ್ದೆ ಕೋಲಿನ ಬುದ್ಧಿ

ರೋಬೋಟ್ ಅಂದ ಕೂಡಲೇ ಎಲ್ಲರಿಗೂ ಕೈಕಾಲು, ಮಿಣುಕುವ ಕಣ್ಣು ಇರುವ ಬೊಂಬೆ ನೆನಪಾಗುತ್ತದೆ. ನನಗೆ ನೆನಪಾಗುವುದು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ಬಿಚ್ಚುವ ಘಟಕ. ಉದ್ದನೆಯ ಆಟೋಮ್ಯಾಟಿಕ್ ರೀಲಿಂಗ್ ಮೆಷಿನ್, ಬಿಸಿನೀರಿನ ಹಬೆ, ಬೆಂದ ಹುಳದ ವಾಸನೆ. ಮೆಷಿನ್ ತಲೆ ಮೇಲೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿದ್ದರು. ‘ದೃಷ್ಟಿ ಆದ್ರೆ ಎಳೆ ಕಡೀತದೆ ಸಾರ್’ ಅಂದರು ಮಾಲೀಕರು. ಗೂಡು ಹದವಾಗಿ ಬೇಯದಿದ್ದರೂ ಎಳೆ ಕಡಿಯುತ್ತದೆ. ಅದಕ್ಕೆ ನಿಂಬೆಹಣ್ಣು ಪಾಪ ಏನು ಮಾಡೀತು? ಇರಲಿ, ನಾನು ನೋಡಲು ಹೋಗಿದ್ದು ಆ ಮೆಷಿನ್ನಿನಲ್ಲಿರುವ ಒಂದು ಸಣ್ಣ ಸೀಳನ್ನು.

ಒಳ್ಳೆಯ ಬೈವೋಲ್ಟೈನ್ (ವರ್ಷಕ್ಕೆ ಎರಡು ಪೀಳಿಗೆಯ ತಳಿ) ಗೂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಎಳೆ ಇರುತ್ತದೆ. ಎಂಟು ಹತ್ತು ಗೂಡಿನ ಎಳೆ ಸೇರಿದರೆ 20-22 ಡೆನಿಯರ್ ನೂಲು. ಅಂದರೆ 9000 ಮೀಟರ್ ನೂಲು ತೂಗಿದರೆ 20ರಿಂದ 22 ಗ್ರಾಂ. ತಕರಾರು ಏನಪ್ಪಾ ಅಂದರೆ, ಗೂಡಿನ ಒಳಪದರಕ್ಕೆ ಹೋದಂತೆ ಎಳೆ ತೆಳ್ಳಗಾಗುತ್ತದೆ. ಹಾಗಾಗಿ ಗೂಡು ಎಣಿಸಿಕೊಂಡು ಕೂತರೆ ಲೆಕ್ಕ ತಪ್ಪುತ್ತದೆ. ಹೊಸ ಎಂಟೂ, ಮುಗಿಯುತ್ತಾ ಬಂದ ಎಂಟೂ ಒಂದೇ ಅಲ್ಲ.

ಹಾಗಾದರೆ ಮೆಷಿನ್ನಿಗೆ ಗೊತ್ತಾಗೋದು ಹೇಗೆ? ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಬೇಕಿಲ್ಲ. ನೂಲು ಎರಡು ಗಾಜಿನ ಬಿಲ್ಲೆಗಳ ನಡುವಿನ ಸೀಳಿನಲ್ಲಿ ಹಾದು ಹೋಗುತ್ತದೆ. ದಪ್ಪ ಇದ್ದರೆ ಗಾಜಿಗೆ ಚೆನ್ನಾಗಿ ಉಜ್ಜಿ, ಬಿಲ್ಲೆಯನ್ನು ತನ್ನ ಜೊತೆ ಎಳೆದು ಹಿಡಿಯುತ್ತದೆ. ತೆಳ್ಳಗಾದರೆ ಉಜ್ಜುವುದು ಕಮ್ಮಿ. ಬಿಲ್ಲೆ ಕೂತಿರುವ ಸಣ್ಣ ಸನ್ನೆಕೋಲು ಹಿಂದಕ್ಕೆ ವಾಲುತ್ತದೆ. ಅದು ವಾಲಿದ್ದೇ ತಡ, ಇನ್ನೊಂದು ಗೂಡು ಬಂದು ಸೇರುತ್ತದೆ. ಅಷ್ಟೇ!

ನಮ್ಮಜ್ಜಿ ಮುದ್ದೆ ತೊಳಸುತ್ತಿದ್ದುದೂ ಹೀಗೇ. ಸೌದೆ ಒಲೆಯ ಹೊಗೆಯಲ್ಲಿ ಪಾತ್ರೆಯೊಳಗೆ ಏನೂ ಕಾಣುತ್ತಿರಲಿಲ್ಲ. ಕೋಲು ಕೈಗೆ ಎಷ್ಟು ಬಿಗಿ ಕೊಡುತ್ತಿದೆ ಅನ್ನುವುದರ ಮೇಲೆ ಹದ. ಹಗುರಾಗಿ ತಿರುಗಿದರೆ ಇನ್ನೊಂದು ಹಿಡಿ ಹಿಟ್ಟು. ಗಾಜಿನ ಸೀಳಿಗೆ ನೂಲು ಹೇಗೋ, ಅಜ್ಜಿಯ ಕೋಲಿಗೆ ಹಿಟ್ಟು ಹಾಗೆ.

ಇದರಲ್ಲೊಂದು ಸೂಕ್ಷ್ಮ ಇದೆ. ಅದನ್ನು ಕೆರೆ ನೀರು ಬಿಡುವ ನೀರುಗಂಟಿಯನ್ನು ಕೇಳಬೇಕು. ತೂಬು ಎತ್ತಿದ ನೀರು ಕೊನೇ ಗದ್ದೆ ಮುಟ್ಟಲು ಹೊತ್ತು ಹಿಡಿಯುತ್ತದೆ. ಇನ್ನೂ ಬರಲಿಲ್ಲ ಅಂತ ಇನ್ನಷ್ಟು ಎತ್ತಿದರೆ ಸ್ವಲ್ಪ ಹೊತ್ತಿಗೆ ಬದು ಕಿತ್ತುಕೊಂಡು ಹೋಗುತ್ತದೆ. ಗಾಬರಿಯಾಗಿ ಪೂರ್ತಿ ಇಳಿಸಿದರೆ ಗದ್ದೆ ಒಣಗುತ್ತದೆ. ತಾನು ಮಾಡಿದ್ದರ ಫಲ ತನಗೆ ತಡವಾಗಿ ತಿಳಿದರೆ ಯಾರೇ ಆದರೂ ಹೀಗೆ ಓಲಾಡುತ್ತಾರೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಯಂತ್ರದ ವೇಗ ಹಿಡಿತದಲ್ಲಿಡಲು ಎರಡು ತಿರುಗುವ ಗುಂಡುಗಳನ್ನು ಕಟ್ಟಿದ. ಅಂಥ ಸಾಧನಗಳು ಯಾವಾಗ ನೆಲೆ ನಿಲ್ಲುತ್ತವೆ, ಯಾವಾಗ ಓಲಾಡುತ್ತವೆ ಅಂತ 1868ರಲ್ಲಿ ಲೆಕ್ಕ ಹಾಕಿದ್ದು ಮ್ಯಾಕ್ಸ್‌ವೆಲ್. ಹೌದು, ಬೆಳಕಿನ ಸಮೀಕರಣದ ಅದೇ ಮ್ಯಾಕ್ಸ್‌ವೆಲ್. ಮಾಡಿದ್ದರ ಫಲ ನೋಡಿಕೊಂಡು ತಿದ್ದಿಕೊಳ್ಳುವ ಈ ವಿದ್ಯೆಗೆ ಗಣಿತಜ್ಞ ನಾರ್ಬರ್ಟ್ ವೀನರ್ 1948ರಲ್ಲಿ ಸೈಬರ್ನೆಟಿಕ್ಸ್ ಅಂತ ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನಿಗೆ ಇದ್ದ ಪದ ಅದರ ಮೂಲ. ವೀನರ್ ಕೋಲಾರದ ಕಡೆ ಹುಟ್ಟಿದ್ದರೆ ‘ನೀರುಗಂಟಿ ಶಾಸ್ತ್ರ’ ಅಂತಿದ್ದರೋ ಏನೋ.

ಜನ ಮಾತ್ರ ರೋಬೋಟಿನ ಮಿದುಳಿನ ಬಗ್ಗೆ ಮಾತಾಡುತ್ತಾರೆ. ನನಗೆ ಸಿಟ್ಟು ಬರುವುದು ಅಲ್ಲೇ. 1997ರಲ್ಲೇ ಕಂಪ್ಯೂಟರು ವಿಶ್ವ ಚಾಂಪಿಯನ್ ಕಾಸ್ಪರೋವ್‌ರನ್ನು ಚೆಸ್ಸಿನಲ್ಲಿ ಸೋಲಿಸಿತು. ಕೋಲಾರದ ಟೊಮೆಟೊ ಮಂಡಿಯಲ್ಲಿ ಹೆಂಗಸರು ಹರಟುತ್ತಲೇ ಮೆತ್ತಗಾದ ಹಣ್ಣನ್ನು ಬೆರಳಲ್ಲೇ ಗುರುತಿಸಿ ಎತ್ತಿಡುತ್ತಾರಲ್ಲ, ಅದು ಯಂತ್ರಕ್ಕೆ ಇವತ್ತಿಗೂ ಕಷ್ಟ. ದೊಡ್ಡವರ ಆಟ ಕಲಿಸುವುದು ಸುಲಭ, ಒಂದು ವರ್ಷದ ಮಗುವಿನ ಗ್ರಹಿಕೆ, ಓಡಾಟ ಕಲಿಸುವುದು ಕಷ್ಟ ಅಂತ ರೋಬೋಟ್ ವಿಜ್ಞಾನಿ ಹ್ಯಾನ್ಸ್ ಮೊರಾವೆಕ್ 1988ರಲ್ಲೇ ಬರೆದಿದ್ದರು. ನಮ್ಮ ಒಂದು ಅಂಗೈಯಲ್ಲಿ ಸ್ಪರ್ಶ ತಿಳಿಯುವ ಸುಮಾರು 17,000 ನರತಂತುಗಳಿವೆ. ಲೋಟ ಜಾರಿದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಹಿಡಿತ ಬಿಗಿಯಾಗುತ್ತದೆ. ಜಾರಿದ್ದು ನಮಗೆ ತಿಳಿಯುವ ಮೊದಲೇ! ಇದನ್ನು ಯಂತ್ರಕ್ಕೆ ಕೊಡಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಮೆತ್ತನೆಯ ಜೆಲ್ಲಿನ ಹಿಂದೆ ಕ್ಯಾಮೆರಾ ಇಟ್ಟಿದ್ದಾರೆ. ಒತ್ತಿದಾಗ ಜೆಲ್ ಎಲ್ಲಿ ತಗ್ಗಿತು ಅಂತ ಅದು ನೋಡುತ್ತದೆ. ಬೆರಳಿಗೆ ಬದಲು ಕಣ್ಣು!

ಇನ್ನು ಆ ಸೀಳಿಗೇ ಏನಾದರೂ ಆದರೆ? ರೇಷ್ಮೆಯ ಅಂಟು ಸಿಕ್ಕಿಕೊಂಡರೆ ನೂಲು ಜಾಸ್ತಿ ಉಜ್ಜುತ್ತದೆ. ಮೆಷಿನ್ ಅದನ್ನೇ ದಪ್ಪ ಅಂದುಕೊಂಡು ಸುಮ್ನೆ ಇರುತ್ತದೆ. 2009ರಲ್ಲಿ ಏರ್ ಫ್ರಾನ್ಸ್ 447 ವಿಮಾನದ ವೇಗ ಅಳೆಯುವ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ಆಟೋಪೈಲಟ್ ಕೈಬಿಟ್ಟು, ವಿಮಾನವನ್ನು ಪೈಲಟ್‌ಗಳ ಕೈಗೆ ಕೊಟ್ಟಿತು. ಅಷ್ಟು ಎತ್ತರದಲ್ಲಿ ಕೈಯಾರೆ ಹಾರಿಸಿ ಅವರಿಗೆ ರೂಢಿ ಇರಲಿಲ್ಲ. ವಿಮಾನದಲ್ಲಿದ್ದ 228 ಮಂದಿಯೂ ಸತ್ತರು. ಸುಲಭದ ಕೆಲಸವೆಲ್ಲ ಯಂತ್ರಕ್ಕೆ ಹೋದರೆ ಮನುಷ್ಯನಿಗೆ ಉಳಿಯುವುದು ಕಷ್ಟದ ಗಳಿಗೆ ಮಾತ್ರ, ಆ ಹೊತ್ತಿಗೆ ಅವನ ಕೈ ಕೆಲಸ ಮರೆತಿರುತ್ತದೆ ಅಂತ ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ಬರೆದಿದ್ದರು.

ಶಿಡ್ಲಘಟ್ಟದ ಮೆಷಿನ್ ಮುಂದೆ ಒಬ್ಬ ಅಕ್ಕ ನಿಂತಿದ್ದರು. ಮೊದಲು ಚರಕದಲ್ಲಿ ನೂಲು ಬಿಚ್ಚುತ್ತಿದ್ದವರಂತೆ. ಬಿಸಿನೀರಲ್ಲಿ ಅದ್ದಿ ಅದ್ದಿ ಬೆರಳ ತುದಿ ಬಿಳುಚಿತ್ತು. ಓಡುತ್ತಿದ್ದ ನೂಲಿಗೆ ಹಾಗೇ ಬೆರಳು ತಾಗಿಸಿ, ‘ಇದ್ಯಾಕೋ ಸಣ್ಣ ಆಗೈತೆ’ ಅಂದರು. ಮೆಷಿನ್ನಿನ ಪ್ರಕಾರ ಎಲ್ಲ ಸರಿಯಾಗಿತ್ತು. ಅವರು ಸೆರಗಿನ ತುದಿಯಲ್ಲಿ ಸೀಳನ್ನು ಒರೆಸಿದರು. ಸನ್ನೆಕೋಲು ವಾಲಿತು, ಒಂದು ಗೂಡು ಬಂದು ನೀರಿಗೆ ಬಿತ್ತು.