ಟೆಸ್ಟ್‌ಗಳಲ್ಲಿ ಫೈಲ್ ಪಾತ್: ಸ್ಲ್ಯಾಶ್‌ಗಿಂತ ಹೆಸರಿನ ಕಾಟವೇ ಜಾಸ್ತಿ

ಉದಾಹರಣೆಗೆ ಒಂದು ಸಣ್ಣ ಪ್ರಾಜೆಕ್ಟ್ ಇಟ್ಟುಕೊಳ್ಳೋಣ. ಉಡುಪಿಯಿಂದ ಕುಂದಾಪುರಕ್ಕೆ ಹೋಗುವ ಬಸ್‌ಗಳ ಸಮಯ ತೋರಿಸುವ ಪ್ರೋಗ್ರಾಂ, ಪೈಥಾನ್‌ನಲ್ಲಿ ಬರೆದದ್ದು. ಒಂದೊಂದು ಸ್ಟಾಪಿಗೆ ಒಂದೊಂದು ಜೇಸನ್ (ಮಾಹಿತಿ ಬರೆದಿಡುವ ಒಂದು ಸರಳ ರೂಪ) ಫೈಲ್. ಹೆಸರುಗಳೆಲ್ಲ ಕನ್ನಡದಲ್ಲೇ: ಬ್ರಹ್ಮಾವರ, ಸಾಲಿಗ್ರಾಮ, ಕೋಟ, ಕೋಟೇಶ್ವರ. ಗುಂಪಿನಲ್ಲಿ ಒಬ್ಬರದ್ದು ವಿಂಡೋಸ್, ಇನ್ನೊಬ್ಬರದ್ದು ಮ್ಯಾಕ್, ಟೆಸ್ಟ್ (ಪ್ರೋಗ್ರಾಂ ಸರಿಯಿದೆಯೇ ಎಂದು ನೋಡುವ ಕೋಡ್) ಓಡುವ ಸರ್ವರ್ ಲಿನಕ್ಸ್. ಮೂರೂ ಕಡೆ ಟೆಸ್ಟ್ ಪಾಸಾಗಬೇಕು.

ಫೈಲ್ ಎಲ್ಲಿದೆ ಎಂದು ಹೇಳುವ ವಿಳಾಸವೇ ಪಾತ್. ಅದರಲ್ಲಿ ಹೆಸರುಗಳ ನಡುವೆ ಬರುವ ಸ್ಲ್ಯಾಶ್ ವಿಷಯ ಮೊದಲೇ ಮುಗಿಸಿಬಿಡೋಣ. ಲಿನಕ್ಸ್, ಮ್ಯಾಕ್‌ಗಳಲ್ಲಿ /, ವಿಂಡೋಸ್‌ನಲ್ಲಿ \. ವಿಂಡೋಸ್‌ಗೂ ಹಿಂದಿನ ಡಾಸ್‌ಗೆ ಫೋಲ್ಡರ್‌ಗಳು ಬಂದದ್ದು 1983ರ 2.0 ಆವೃತ್ತಿಯಲ್ಲಿ. ಅಷ್ಟರಲ್ಲಿ / ಚಿಹ್ನೆ ಕಮಾಂಡ್‌ಗಳ ಜೊತೆ ಕೊಡುವ ಆಯ್ಕೆಗಳನ್ನು ಗುರುತಿಸಲು ಬಳಕೆಯಾಗಿ ಹೋಗಿತ್ತು. ಹಾಗಂತ ಪೈಥಾನ್‌ನಲ್ಲಿ ಬಸ್/ಕೋಟ ಎಂದು ಕೊಟ್ಟರೆ ವಿಂಡೋಸ್ ತಕರಾರು ಮಾಡುವುದಿಲ್ಲ, ಫೈಲ್ ತೆರೆಯುತ್ತದೆ. ಎಡವಟ್ಟಾಗುವುದು ಹೋಲಿಸುವಾಗ. ಪಾತನ್ನು ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿದರೆ ವಿಂಡೋಸ್‌ನಲ್ಲಿ ಬಸ್\ಕೋಟ ಎಂದು ಬರುತ್ತದೆ, ಟೆಸ್ಟ್ ಬಿದ್ದುಹೋಗುತ್ತದೆ. ಪೈಥಾನ್ 3.4ರಿಂದ ಇರುವ ಪಾತ್‌ಲಿಬ್ ಮಾಡ್ಯೂಲ್ ಬಳಸಿ, ಪಾತನ್ನು ಪಾತಿನ ಜೊತೆಗೇ ಹೋಲಿಸಿ. ಸ್ಟ್ರಿಂಗೇ ಬೇಕು ಅಂದರೆ ಆ್ಯಸ್ ಪಾಸಿಕ್ಸ್ ಮೆಥಡ್ ಇದೆ, ಎಲ್ಲ ಕಡೆ / ಕೊಡುತ್ತದೆ. ವಿಂಡೋಸ್ ಯಂತ್ರ ಕೈಯಲ್ಲಿ ಇಲ್ಲದಿದ್ದರೂ ಪ್ಯೂರ್‌ವಿಂಡೋಸ್‌ಪಾತ್ ಕ್ಲಾಸ್‌ನಿಂದ ಅದರ ಪಾತ್ ನಿಯಮಗಳನ್ನು ಲಿನಕ್ಸ್‌ನಲ್ಲೇ ಪರೀಕ್ಷಿಸಬಹುದು.

ಇನ್ನು ಹೆಸರು. ಹೆಚ್ಚಿನ ಪಾಠಗಳು ಸ್ಲ್ಯಾಶ್ ಹೇಳಿ ನಿಂತುಬಿಡುತ್ತವೆ. ಕನ್ನಡದಲ್ಲಿ ಫೈಲ್ ಹೆಸರಿಡುವ ನಮಗೆ ನಿಜವಾದ ಕಾಟ ಇಲ್ಲಿಂದ ಶುರು.

ಕೋಟ ಎಂಬ ಹೆಸರನ್ನು ಯೂನಿಕೋಡ್‌ನಲ್ಲಿ (ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿ) ಎರಡು ರೀತಿ ಬರೆಯಬಹುದು. ಕೂಡಿಸಿದ ರೂಪದಲ್ಲಿ ಮೂರು ಸಂಕೇತ: ಕ, ಓಕಾರದ ಚಿಹ್ನೆ, ಟ. ಬಿಡಿಸಿದ ರೂಪದಲ್ಲಿ ಅದೇ ಓಕಾರ ಮೂರು ತುಂಡಾಗುತ್ತದೆ: ಎಕಾರದ ಚಿಹ್ನೆ, ಊಕಾರದ ಚಿಹ್ನೆ, ಕೊನೆಗೆ ದೀರ್ಘದ ಗುರುತು. ಒಟ್ಟು ಐದು. ಪರದೆ ಮೇಲೆ ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರುವುದಿಲ್ಲ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಎಂಬ ಡಿಸ್ಕ್ ವ್ಯವಸ್ಥೆ (ಫೈಲ್‌ಗಳನ್ನು ಜೋಡಿಸಿಡುವ ಕ್ರಮ) ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. 2017ರಲ್ಲಿ ಮ್ಯಾಕ್‌ಗೆ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೇ ಇಡುತ್ತದೆ, ಆದರೆ ಹುಡುಕುವಾಗ ಎರಡೂ ಒಂದೇ ಎಂದು ನೋಡುತ್ತದೆ. ಲಿನಕ್ಸ್‌ಗೆ ಹೆಸರು ಅಂದರೆ ಬರೀ ಬೈಟ್‌ಗಳು. ಒಂದೇ ಫೋಲ್ಡರಿನಲ್ಲಿ ಎರಡು ಕೋಟ ಅಕ್ಕಪಕ್ಕ ಕೂತರೂ ಅದಕ್ಕೇನೂ ಅನಿಸುವುದಿಲ್ಲ.

ಹಳೆಯ ಮ್ಯಾಕ್ ಡಿಸ್ಕಿನಿಂದ ಬಂದ ಫೈಲ್‌ಗಳನ್ನು ಸರ್ವರಿಗೆ ಹಾಕಿದರೆ ಏನಾಗುತ್ತದೆ ಗೊತ್ತಾ? ಬ್ರಹ್ಮಾವರ ಪಾಸ್, ಸಾಲಿಗ್ರಾಮ ಪಾಸ್. ಕೋಟ, ಕೋಟೇಶ್ವರ ಮಾತ್ರ ಫೇಲ್. ಕೋಡಿನಲ್ಲಿ ಬರೆದ ಹೆಸರು ಕೂಡಿಸಿದ ರೂಪದ್ದು, ಫೈಲಿನದ್ದು ಬಿಡಿಸಿದ ರೂಪದ್ದು. ಮೊದಲ ಎರಡು ಹೆಸರುಗಳಲ್ಲಿ ಬಿಡಿಸಬಹುದಾದ ಚಿಹ್ನೆಯೇ ಇಲ್ಲವಲ್ಲ! ಈ, ಏ, ಐ, ಒ, ಓ ಇವುಗಳ ಚಿಹ್ನೆ ಇರುವ ಹೆಸರುಗಳಿಗೆ ಮಾತ್ರ ಈ ತೊಂದರೆ. ಹಾಗಾಗಿ ಟೆಸ್ಟಿಗೆ ಉಡುಪಿಯಂಥ ಹೆಸರು ಆರಿಸಿಕೊಂಡರೆ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಐಕಾರ ಇರುವ ಬೈಂದೂರನ್ನು ಸೇರಿಸಿ. ಹೋಲಿಸುವ ಮೊದಲು ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್‌ನಿಂದ ಎರಡೂ ಹೆಸರುಗಳನ್ನು ಎನ್‌ಎಫ್‌ಸಿ, ಅಂದರೆ ಕೂಡಿಸಿದ ರೂಪಕ್ಕೆ ತನ್ನಿ. ಫೋಲ್ಡರಿನಲ್ಲಿರುವ ಫೈಲ್‌ಗಳ ಪಟ್ಟಿ ಇಂಥದ್ದೇ ಕ್ರಮದಲ್ಲಿ ಬರುತ್ತದೆ ಎಂಬ ಖಾತ್ರಿಯೂ ಇಲ್ಲ, ವಿಂಗಡಿಸಿಕೊಳ್ಳಿ.

Kota, kota ಎರಡೂ ಒಂದೇ ಹೆಸರೋ ಬೇರೆಯೋ ಎಂಬ ದೊಡ್ಡಕ್ಷರ, ಸಣ್ಣಕ್ಷರದ ಜಗಳ ಇಂಗ್ಲಿಷಿನಂಥ ಲಿಪಿಗಳ ಹೆಸರುಗಳಿಗೆ ಮಾತ್ರ. ಅಷ್ಟರಮಟ್ಟಿಗೆ ಕನ್ನಡದವರು ಬಚಾವ್.

ಫೈಲ್ ಹೆಸರಿನಲ್ಲಿ ಬಸ್ಸಿನ ಸಮಯ ಹಾಕುವ ಆಸೆ ಬಂದರೆ ಹುಷಾರು. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಕೋಟ-7:30 ಎಂದು ಬರೆಯಲು ತೆರೆದರೆ ಎರರ್ ಬರುವುದಿಲ್ಲ. ಕೋಟ-7 ಎಂಬ ಫೈಲ್ ಹುಟ್ಟುತ್ತದೆ, ಗಾತ್ರ ಸೊನ್ನೆ. ಅಲ್ಲಿ : ಚಿಹ್ನೆಗೆ ಬೇರೆ ಅರ್ಥ ಇದೆ, ಬರೆದದ್ದೆಲ್ಲ ಅದೇ ಫೈಲಿಗೆ ಅಂಟಿದ, 30 ಎಂಬ ಅಡಗಿದ ಸ್ಟ್ರೀಮ್‌ಗೆ ಹೋಗಿರುತ್ತದೆ. ಸುಮ್ನೆ 0730 ಅಂತ ಬರೆಯಿರಿ.

ತಾತ್ಕಾಲಿಕ ಫೈಲ್‌ಗಳಿಗೆ ಟೆಸ್ಟ್ ಓಡಿಸುವ ಪೈಟೆಸ್ಟ್ ಎಂಬ ಸಾಧನದ ಟಿಎಂಪಿ ಪಾತ್ ಫಿಕ್ಸ್‌ಚರ್ (ಪ್ರತಿ ಟೆಸ್ಟಿಗೂ ಹೊಸ ಫೋಲ್ಡರ್ ಕೊಡುವ ಸೌಲಭ್ಯ) ಸಾಕು. ಆದರೆ ಮ್ಯಾಕ್‌ನಲ್ಲಿ /ಟಿಎಂಪಿ, /ವಾರ್ ಎರಡೂ ಬರೀ ಲಿಂಕ್‌ಗಳು, ನಿಜವಾದ ಜಾಗ /ಪ್ರೈವೇಟ್ ಒಳಗೆ. ವಿಂಡೋಸ್ ಕೂಡ ಕೆಲವೊಮ್ಮೆ ಉದ್ದ ಹೆಸರಿನ ಬದಲು ~1 ಅಂಟಿಸಿದ ಗಿಡ್ಡ ಹೆಸರು ಕೊಡುತ್ತದೆ. ಒಂದೇ ಜಾಗಕ್ಕೆ ಎರಡು ವಿಳಾಸ ಆಯ್ತು, ಅಲ್ವಾ? ಎರಡೂ ಪಾತ್‌ಗಳಿಗೆ ರಿಸಾಲ್ವ್ ಮಾಡಿ (ನಿಜವಾದ ಪೂರ್ತಿ ವಿಳಾಸಕ್ಕೆ ತಂದು) ಆಮೇಲೆ ಹೋಲಿಸಿ. ಫೈಲ್ ನಿಜವಾಗಿಯೂ ಡಿಸ್ಕಿನಲ್ಲಿ ಇದ್ದರೆ ಎರಡೂ ಒಂದೇ ಫೈಲಾ ಎಂದು ಸೇಮ್‌ಫೈಲ್ ಮೆಥಡ್‌ನಿಂದ ಕೇಳುವುದು ಇನ್ನೂ ಸುಲಭ.