ಗ್ರೇಫ್ರೈಯರ್ಸ್ ಸಭೆಯ ಮೂಲಕ ಪ್ರೆಸ್ಬಿಟೇರಿಯನ್ ನಂಬಿಕೆ: ಓದುವವರಿಗೆ ಟಿಪ್ಪಣಿ

ಪ್ರೆಸ್ಬಿಟೇರಿಯನ್ ಅನ್ನುವುದು ಪ್ರೊಟೆಸ್ಟೆಂಟ್ ಕ್ರೈಸ್ತರ ಒಂದು ಪಂಗಡ. ಪರೀಕ್ಷೆಯಲ್ಲಿ ಅದರ ಬಗ್ಗೆ ಕೇಳಿದ ಕೂಡಲೇ ನಮ್ಮಲ್ಲಿ ಹೆಚ್ಚಿನವರು 16ನೇ ಶತಮಾನದ ಧರ್ಮಸುಧಾರಕ ಕ್ಯಾಲ್ವಿನ್ ಹೆಸರು ಬರೆದು, ರಕ್ಷಣೆ ಹೊಂದುವವರನ್ನು ದೇವರು ಮೊದಲೇ ಆರಿಸಿದ್ದಾನೆ ಅನ್ನುವ ಬೋಧನೆ ಸೇರಿಸಿ ಉತ್ತರ ಮುಗಿಸುತ್ತಾರೆ. ಅಷ್ಟೇ ಸಾಲದು. ಮೊದಲು ಕೇಳಬೇಕಾದ್ದು, ಚರ್ಚನ್ನು ನಡೆಸುವ ಹಕ್ಕು ಯಾರದು? ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿರುವ ಗ್ರೇಫ್ರೈಯರ್ಸ್ ಸಭೆಯ (ಸಭೆ ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳು) ಇತಿಹಾಸ ಓದಿದರೆ ಈ ಪ್ರಶ್ನೆಗಾಗಿ ಜನ ಪ್ರಾಣವನ್ನೇ ಕೊಟ್ಟರು ಅಂತ ಗೊತ್ತಾಗುತ್ತದೆ.

ಮೊದಲು ಅವರ ಉತ್ತರ ನೋಡೋಣ. ಚರ್ಚಿನ ತಲೆ ಕ್ರಿಸ್ತನೊಬ್ಬನೇ. ಪೋಪ್ ಅಲ್ಲ, ರಾಜನೂ ಅಲ್ಲ. ಹಲವು ಚರ್ಚುಗಳ ಮೇಲೆ ಒಬ್ಬರೇ ಅಧಿಕಾರ ನಡೆಸುವ ಬಿಷಪ್ ಇಲ್ಲ. ಪ್ರತಿ ಸಭೆಯನ್ನೂ ಸಭಾಪಾಲಕರು (ಪಾದ್ರಿಗಳು) ಮತ್ತು ಹಿರಿಯರು ಕೂಡಿ ನಡೆಸುತ್ತಾರೆ, ಈ ಕೂಟವೇ ಸೆಷನ್. ಹಲವು ಸಭೆಗಳ ಮೇಲೆ ಪ್ರೆಸ್ಬಿಟರಿ, ಎಲ್ಲಕ್ಕೂ ಮೇಲೆ ಜನರಲ್ ಅಸೆಂಬ್ಲಿ. ಅಲ್ಲಿ ಅಧ್ಯಕ್ಷತೆ ವಹಿಸುವ ಮಾಡರೇಟರ್ ಒಂದು ವರ್ಷಕ್ಕೆ ಮಾತ್ರ. ಒಬ್ಬರ ಕೈಯಲ್ಲಿ ಅಧಿಕಾರ ನಿಲ್ಲಬಾರದು ಅನ್ನುವುದೇ ಇದರ ಜೀವಾಳ.

ಗ್ರೇಫ್ರೈಯರ್ಸ್ ಚರ್ಚ್ ಶುರುವಾಗಿದ್ದು 1620ರಲ್ಲಿ. ಸ್ಕಾಟ್ಲೆಂಡ್ 1560ರಲ್ಲೇ ಪೋಪ್ ಅಧಿಕಾರವನ್ನು ಬಿಟ್ಟಿತ್ತು, ಆದರೆ ರಾಜರು ಬಿಷಪ್ಪರನ್ನು ಮತ್ತೆ ತಂದು ಕೂರಿಸಿದ್ದರು. 1637ರಲ್ಲಿ ರಾಜ ಮೊದಲನೇ ಚಾರ್ಲ್ಸ್ ಹೊಸ ಪ್ರಾರ್ಥನಾ ಪುಸ್ತಕವನ್ನು ಯಾರನ್ನೂ ಕೇಳದೆ ಹೇರಿದಾಗ ಜನ ಸಿಡಿದೆದ್ದರು. 1638ರ ಫೆಬ್ರವರಿ 28ರಂದು ಗ್ರೇಫ್ರೈಯರ್ಸ್‌ನಲ್ಲಿ ರಾಜ ಹೇರಿದ ಬದಲಾವಣೆಗಳನ್ನು ಒಪ್ಪುವುದಿಲ್ಲ ಅನ್ನುವ ಪ್ರತಿಜ್ಞೆ, ಅಂದರೆ ರಾಷ್ಟ್ರೀಯ ಒಡಂಬಡಿಕೆಯನ್ನು ಓದಿ, ಶ್ರೀಮಂತರು ಮೊದಲು ಸಹಿ ಹಾಕಿದರು. ಆಮೇಲೆ ಸಭಾಪಾಲಕರು, ಪಟ್ಟಣದ ಜನ. ಅದರ ಪ್ರತಿಗಳು ಊರೂರಿಗೆ ಹೋದವು. ಅದೇ ವರ್ಷ ಗ್ಲಾಸ್ಗೋದಲ್ಲಿ ಸೇರಿದ ಜನರಲ್ ಅಸೆಂಬ್ಲಿ ಬಿಷಪ್ ಹುದ್ದೆಯನ್ನೇ ತೆಗೆದುಹಾಕಿತು.

ಇದಕ್ಕೆ ತೆತ್ತ ಬೆಲೆ ದೊಡ್ಡದು. 1660ರ ನಂತರ ಬಿಷಪ್ಪರು ವಾಪಸ್ ಬಂದರು. ಒಡಂಬಡಿಕೆ ಬಿಡದವರು ಬಯಲಲ್ಲಿ, ಗುಡ್ಡಗಳಲ್ಲಿ ಗುಟ್ಟಾಗಿ ಆರಾಧನೆಗೆ ಸೇರತೊಡಗಿದರು. 1679ರಲ್ಲಿ ಬಾತ್‌ವೆಲ್ ಬ್ರಿಜ್ ಯುದ್ಧದಲ್ಲಿ ರಾಜನ ಸೈನ್ಯಕ್ಕೆ ಸೋತ ಇಂಥ ಸುಮಾರು 1,200 ಜನರನ್ನು ತಂದು ಇದೇ ಚರ್ಚಿನ ಸಮಾಧಿ ಜಾಗದ ಪಕ್ಕ ಸೂರಿಲ್ಲದ ಬಯಲಲ್ಲಿ ಕೂಡಿಹಾಕಿದರು. ಮುಚ್ಚಳಿಕೆ ಬರೆದುಕೊಟ್ಟವರಿಗೆ ಬಿಡುಗಡೆ. ಕೊನೆಗೆ ಉಳಿದ 250ರಷ್ಟು ಜನರನ್ನು ಗಡೀಪಾರು ಮಾಡಲು ಹಡಗು ಹತ್ತಿಸಿದರು. ಆರ್ಕ್ನಿ ದ್ವೀಪಗಳ ಬಳಿ ಹಡಗು ಒಡೆದು ಹೆಚ್ಚಿನವರು ಸತ್ತರು. ಗ್ರೇಫ್ರೈಯರ್ಸ್ ಅಂದರೆ ಪ್ರವಾಸಿಗರಿಗೆ ಯಜಮಾನನ ಸಮಾಧಿ ಬಿಡದ ಬಾಬಿ ಅನ್ನೋ ನಾಯಿಯೇ ನೆನಪು, ಇರಲಿ, ಆದರೆ ಈ ಬಯಲನ್ನು ನೋಡದೆ ಬರುವುದು ನನಗೆ ತುಂಬ ನೋವಿನ ಸಂಗತಿ. 1690ರಲ್ಲಿ ಪ್ರೆಸ್ಬಿಟೇರಿಯನ್ ಪದ್ಧತಿ ಸ್ಕಾಟ್ಲೆಂಡಿನಲ್ಲಿ ಗಟ್ಟಿಯಾಗಿ ನೆಲೆಯಾಯಿತು.

ಇನ್ನು ಬೋಧನೆ. 1640ರ ದಶಕದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣ ಇವರಿಗೆ ಬೈಬಲ್ಲಿನ ನಂತರದ ಆಧಾರ. ಜೊತೆಗೆ 107 ಪ್ರಶ್ನೋತ್ತರಗಳ ಕಿರು ಕೈಪಿಡಿ. ಮನುಷ್ಯ ಹುಟ್ಟಿರುವುದು ಯಾಕೆ ಅನ್ನುವುದೇ ಅದರ ಮೊದಲ ಪ್ರಶ್ನೆ. ದೇವರನ್ನು ಮಹಿಮೆಪಡಿಸಿ, ಆತನಲ್ಲಿ ಎಂದೆಂದಿಗೂ ಆನಂದಿಸುವುದಕ್ಕೆ ಅಂತ ಉತ್ತರ. ಎಷ್ಟು ಚೆಂದ ಅಲ್ವಾ? ಕಟ್ಟುನಿಟ್ಟಿನ ಜನ ಅಂತ ನಾವು ಅಂದುಕೊಂಡವರು ಮೊದಲ ಉತ್ತರದಲ್ಲೇ ಆನಂದವನ್ನು ಇಟ್ಟಿದ್ದಾರೆ. ಸಂಸ್ಕಾರಗಳು ಎರಡೇ: ದೀಕ್ಷಾಸ್ನಾನ (ಬ್ಯಾಪ್ಟಿಸಮ್), ಕರ್ತನ ಭೋಜನ (ಕ್ರಿಸ್ತನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವುದು). ಮಕ್ಕಳಿಗೂ ದೀಕ್ಷಾಸ್ನಾನ ಉಂಟು.

ಆರಾಧನೆ ಹಿಂದೆ ತೀರಾ ಸರಳ. ಆರ್ಗನ್ ಇಲ್ಲ, ಕೂತು ಕೀರ್ತನೆ ಹಾಡುವುದು, ನಿಂತು ಪ್ರಾರ್ಥಿಸುವುದು. 1845ರಲ್ಲಿ ಚರ್ಚ್ ಬೆಂಕಿಗೆ ಸುಟ್ಟು ಮತ್ತೆ ಕಟ್ಟಿದ ಮೇಲೆ ಸಭಾಪಾಲಕ ರಾಬರ್ಟ್ ಲೀ ಬಣ್ಣದ ಗಾಜಿನ ಕಿಟಕಿ ಹಾಕಿಸಿದರು, ಹಾಡುವಾಗ ಜನರನ್ನು ನಿಲ್ಲಿಸಿದರು, ಪ್ರಾರ್ಥನೆಗೆ ಮೊಣಕಾಲೂರಲು ಹೇಳಿದರು, ಬರೆದಿಟ್ಟ ಪ್ರಾರ್ಥನೆಗಳನ್ನು ಓದಿದರು. ಓದುವ ವಿಷಯ 1859ರಲ್ಲಿ ಜನರಲ್ ಅಸೆಂಬ್ಲಿಯವರೆಗೂ ಹೋಯಿತು. 1865ರಲ್ಲಿ ಆರ್ಗನ್ನೂ ಬಂತು. ಇದು ಸುಮ್ನೆ ರುಚಿಯ ಜಗಳ ಅಂತ ಬರೆಯಬೇಡಿ. ಬೈಬಲ್ಲು ಹೇಳದ್ದನ್ನು ಆರಾಧನೆಯಲ್ಲಿ ತರಬಹುದಾ ಅನ್ನುವುದು ಅವರಿಗೆ ನಂಬಿಕೆಯದೇ ಪ್ರಶ್ನೆ.

ನಮ್ಮ ಕಡೆಯ ನಂಟೂ ಇದೆ. ಬೆಂಗಳೂರಿನ ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚನ್ನು 1860ರ ದಶಕದಲ್ಲಿ ಕಟ್ಟಿದ್ದು ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ನರಿಗಾಗಿ. ಈಗ ಅದು ಸಿಎಸ್ಐ (ಚರ್ಚ್ ಆಫ್ ಸೌತ್ ಇಂಡಿಯಾ) ಚರ್ಚ್. 1947ರಲ್ಲಿ ಸಿಎಸ್ಐ ಹುಟ್ಟಿದಾಗ ದಕ್ಷಿಣ ಭಾರತದ ಅನೇಕ ಪ್ರೆಸ್ಬಿಟೇರಿಯನ್ನರು ಆಂಗ್ಲಿಕನ್, ಮೆಥಡಿಸ್ಟ್ ಅನ್ನುವ ಬೇರೆ ಪ್ರೊಟೆಸ್ಟೆಂಟ್ ಪಂಗಡದವರ ಜೊತೆ ಸೇರಿ ಬಿಷಪ್ಪರನ್ನು ಒಪ್ಪಿಕೊಂಡರು. ಆದರೆ ಆ ಬಿಷಪ್ಪರು ಚರ್ಚಿನ ಸಂವಿಧಾನಕ್ಕೆ ಒಳಪಟ್ಟವರು, ಅದರ ಅತ್ಯುನ್ನತ ಆಡಳಿತ ಮಂಡಳಿಯಾದ ಸಿನಾಡಿನಲ್ಲಿ ಸಾಮಾನ್ಯ ಸಭಿಕರೂ ಕೂರುತ್ತಾರೆ. ಚರ್ಚನ್ನು ನಡೆಸುವ ಹಕ್ಕು ಯಾರದು ಅನ್ನುವ 1638ರ ಪ್ರಶ್ನೆಗೆ ಇಲ್ಲಿ ಸಿಕ್ಕ ಉತ್ತರ ಬೇರೆ. ಹೋಲಿಸಿ ಬರೆಯಿರಿ ಅಂತ ಪ್ರಶ್ನೆ ಬಂದರೆ ಇಲ್ಲಿಂದಲೇ ಶುರು ಮಾಡಿ.